ನೂರ ಹನ್ನೆರಡನೆಯ ಪುಟ

ಚೀಲದಿಂದ ಪುಸ್ತಕ ತೆಗೆದು ಬಿಡಿಸಿದ ಕೂಡಲೇ ಒಂದು ಅಕ್ಷತೆ ಕಾಳು ತೊಡೆಯ ಮೇಲೆ ಬಿತ್ತು. ಅರಿಶಿನವೆಲ್ಲ ಮಾಸಿ ಬರಿಯ ಅಕ್ಕಿಯಾಗಿತ್ತು. ಹಿಂದೆಯೇ ಕರ್ಪೂರದ ವಾಸನೆ, ಅದರೊಳಗೆ ಹಳೆಯ ಕ್ಯಾಲೆಂಡರ್ ಹಾಳೆಯ ವಾಸನೆ… ಹೊದಿಕೆಯ ಮೇಲೆ ವೀಣೆ ಹಿಡಿದ ಸರಸ್ವತಿ. ಅವಳ ಹಣೆಗೆ ನಮ್ಮಮ್ಮ ಇಟ್ಟ ಕುಂಕುಮ ಒಂಬತ್ತು ವರ್ಷವಾದರೂ ಹೋಗಿಲ್ಲ. ಹೊದಿಕೆ ಬಿಚ್ಚಿದರೆ ಒಳಗಿನ ರಟ್ಟಿನ ಮೇಲೆ ಬೇರೆಯೇ ಚಿತ್ರ: ಬರಿಮೈಯ ಇಬ್ಬರು ಗಂಡಸರು ಒಂದೇ ದೋಣಿಯಲ್ಲಿ ಹಿಂದೆ ಮುಂದೆ ಕೂತು ಹುಟ್ಟು ಹಾಕುತ್ತಿದ್ದಾರೆ. ಅವರಿಬ್ಬರೂ ಪ್ರೇಮಿಗಳು. ಅದು ಇಂಗ್ಲಿಷಿನ ಒಂದು ಪ್ರೇಮ ಕಾದಂಬರಿ.

ಚೀಲ ತಂದುಕೊಟ್ಟವಳು ನಮ್ಮ ಬಿಲ್ಡಿಂಗಿನ ಟೀಚರ ತಂಗಿಯ ಮಗಳು. ಒಂದು ಚೀಲ ಕೊಡಬೇಕು ಎಂದಷ್ಟೇ ಫೋನಿನಲ್ಲಿ ಹೇಳಿ ಗ್ರಾಂಟ್ ರೋಡ್ ಸ್ಟೇಷನ್ನಿನ ಬ್ರಿಜ್ ಮೇಲೆ ಸಿಕ್ಕಳು. "ದೊಡ್ಡಮ್ಮನ ಫ್ಲಾಟ್ ಖಾಲಿ ಮಾಡ್ತಾ ಇದ್ವಿ. ಈ ಥೈಲಿ ಮೇಲೆ ನಿಮ್ಮ ನೇಮ್ ಇತ್ತು. ಅಂದರ್ ಕ್ಯಾ ಹೈ, ನಾವು ನೋಡಿಲ್ಲ," ಎಂದಳು. ಟೀಚರು ತೀರಿಕೊಂಡು ಎರಡು ತಿಂಗಳಾಯಿತು ಎಂದು ನನಗೆ ಗೊತ್ತಾದದ್ದು ಅಲ್ಲೇ, ಆಗಲೇ. ಹಿಂದಿನಿಂದ ಜನ ನುಗ್ಗುತ್ತಿದ್ದರು, ನಿಂತು ಅಳುವುದಕ್ಕೂ ಜಾಗವಿರಲಿಲ್ಲ. ಟೀಚರ ಎದುರು ಫ್ಲಾಟಿನಲ್ಲೇ ಇರುವ ನನ್ನ ಅಪ್ಪ ಅಮ್ಮ ವಾರಕ್ಕೆ ಮೂರು ಸಲ ಫೋನ್ ಮಾಡುತ್ತಾರೆ. ಒಂದು ಮಾತು ಹೇಳಿರಲಿಲ್ಲ.

ಆ ದಿನ ಪುಸ್ತಕವನ್ನು ಬಿಡಿಸಿದೆ, ಮೂಸಿದೆ, ಮುಚ್ಚಿದೆ. ನೂರ ಹನ್ನೆರಡನೆಯ ಪುಟಕ್ಕೆ ಮಾತ್ರ ಹೋಗಲಿಲ್ಲ. ಅಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ, ಮನಸ್ಸು ಹಗುರಾಗಲಿ: ನಾನು ಹೇಳುವ ಈ ಸಂಗತಿಯಲ್ಲಿ ಹೇಡಿ ನಾನೇ, ಬೇರೆ ಯಾರೂ ಅಲ್ಲ.

ಬೊರಿವಲಿಯ ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ನಮ್ಮ ಮನೆ, ಎದುರಿಗೆ ಟೀಚರ ಮನೆ. ಎರಡು ಬಾಗಿಲುಗಳ ನಡುವೆ ಆರು ಹೆಜ್ಜೆ. ನಾವು ಮೈಸೂರಿನ ಕಡೆಯವರು, ಅಪ್ಪ ಸರಕಾರಿ ಕಂಪನಿಯೊಂದರಲ್ಲಿ ಆಫೀಸರು. ಟೀಚರು ಉಡುಪಿಯವರು. ಅವರ ತಂದೆಗೆ ಗ್ರಾಂಟ್ ರೋಡಿನಲ್ಲಿ ಹೋಟೆಲಿತ್ತಂತೆ, ಹೋಟೆಲಿನ ಮೇಲಿನ ಕೋಣೆಯಲ್ಲೇ ಬೆಳೆದವರು. ಮದುವೆಯಾಗಿರಲಿಲ್ಲ. ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾಗಿದ್ದರು. ಶಾಲೆಯಲ್ಲಿ ಪಿ.ಟಿ. ಮಾಸ್ತರು ಇಲ್ಲದ ಕಾರಣ ಆಟದ ಪೀರಿಯಡ್ಡೂ ಅವರ ತಲೆಗೇ ಬಿದ್ದಿತ್ತು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಡುಗಿಯರಿಗೆ ಥ್ರೋಬಾಲ್ ಆಡಿಸುತ್ತಿದ್ದರಂತೆ. ಆ ಕಾಲದ ಸೀಟಿ ಅವರ ಬಾಗಿಲ ಹಿಂದಿನ ಮೊಳೆಗೆ ಬೀಗದಕೈಯ ಜೊತೆ ಇನ್ನೂ ನೇತಾಡುತ್ತಿತ್ತು.

ನನಗೆ ಕನ್ನಡ ಅಕ್ಷರ ಕಲಿಸಿದವರು ಅವರು. ನಾನು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಹಿಂದಿ, ಕೆಳಗಿಳಿದರೆ ಮರಾಠಿ. ಭಾನುವಾರ ಬೆಳಿಗ್ಗೆ ಸೊಸೈಟಿ ಆಫೀಸಿನ ಪಕ್ಕದ ಕೋಣೆಯಲ್ಲಿ ಟೀಚರು ಕ್ಲಾಸು ಇಡುತ್ತಿದ್ದರು. ಸುತ್ತಲಿನ ಬಿಲ್ಡಿಂಗುಗಳ ಕನ್ನಡದ ಮಕ್ಕಳೆಲ್ಲ ಸೇರಿ ಹತ್ತು ಹನ್ನೆರಡು ಜನ. "ಳ ಬರೆಯುವಾಗ ಬಾಲವನ್ನು ಸುರುಳಿ ಸುತ್ತಿಸು ಮಾರಾಯ, ಇಲಿಯ ಬಾಲದ ಹಾಗೆ ಬಿಟ್ಟುಬಿಡಬೇಡ," ಎಂದು ಕೈಹಿಡಿದು ತಿದ್ದಿಸುತ್ತಿದ್ದರು. ಹಾಗಾಗಿ ನನ್ನ ಕನ್ನಡದ ಅಕ್ಷರ ಪಡಿಯಚ್ಚು ಅವರದೇ. ಈಗ ಇದನ್ನು ಕನ್ನಡದಲ್ಲಿ ಬರೆಯಲು ಆಗುತ್ತಿರುವುದೂ ಆ ಭಾನುವಾರಗಳಿಂದಲೇ.

ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇದ್ದಾಗ ಒಂದು ಸಂಜೆ ಅವರ ಫೋನಿಗೆ ರೀಚಾರ್ಜ್ ಮಾಡಿಕೊಡಲು ಹೋಗಿದ್ದೆ. ಟೀಚರು ನೆಲದ ಮೇಲೆ ಕೂತು ಒಂದು ಪುಸ್ತಕಕ್ಕೆ ಕ್ಯಾಲೆಂಡರ್ ಹಾಳೆಯ ಬೈಂಡು ಹಾಕುತ್ತಿದ್ದರು. ನಾವು ಶಾಲೆಯಲ್ಲಿ ಚಿತ್ರವನ್ನು ಒಳಗೆ ಮಾಡಿ ಬಿಳಿ ಬದಿಯನ್ನು ಹೊರಗೆ ಹಾಕುತ್ತಿದ್ದೆವು. ಅವರು ಉಲ್ಟಾ, ದೇವರ ಚಿತ್ರ ಹೊರಗೆ. ಗಣಪತಿಯ ಹೊಟ್ಟೆಯ ಕೆಳಗಿಂದ ಒಬ್ಬ ಫುಟ್‌ಬಾಲ್ ಆಟಗಾರನ ಬರಿಯ ಭುಜ ಇಣುಕುತ್ತಿತ್ತು.

"ಎಂತ ನೋಡ್ತಿ? ಲವ್ ಸ್ಟೋರಿ. ಇಬ್ಬರೂ ಹುಡುಗರೇ," ಎಂದರು, ಬೇಳೆ ಬೆಂದಿತು ಎನ್ನುವಷ್ಟು ಸಲೀಸಾಗಿ. "ಚಿತ್ರ ನೋಡಿದ್ರೆ ಜನ ಮಂಡೆ ಬಿಸಿ ಮಾಡಿಕೊಳ್ತಾರೆ. ಅದಕ್ಕೆ ದೇವರನ್ನು ಕಾವಲಿಗೆ ಹಾಕುದು. ದೇವರ ಚಿತ್ರ ಇದ್ರೆ ಯಾರೂ ಎಳೆದು ನೋಡುದಿಲ್ಲ."

ಆ ವಿಷಯವನ್ನು ಹೀಗೆ ನಗುನಗುತ್ತ ಯಾರಾದರೂ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಅದು ಬಂದದ್ದು ಒಂದೇ ಸಲ. ಟಿವಿಯಲ್ಲಿ ಯಾವುದೋ ಸುದ್ದಿ ಬರುತ್ತಿತ್ತು. ಅಪ್ಪ ರಿಮೋಟ್ ಒತ್ತಿ ಚಾನೆಲ್ ಬದಲಿಸಿ, "ನನ್ನ ಮನೇಲಿ ಇಂಥದ್ದೇನಾದ್ರೂ ಹುಟ್ಟಿದ್ರೆ ಎಳ್ಳುನೀರು ಬಿಟ್ಟು ಕೈ ತೊಳ್ಕೋತಿದ್ದೆ," ಎಂದಿದ್ದರು. ಬದುಕಿರುವ ಮಗನಿಗೆ ಎಳ್ಳುನೀರು. ನಾನು ಸಾರಿಗೆ ಇನ್ನೊಂದಿಷ್ಟು ಅನ್ನ ಕಲಸಿಕೊಂಡು ಉಂಡೆ. ಕಾಲೇಜಿನಲ್ಲಿ ವಾಲಿಬಾಲ್ ಟೀಮಿನಲ್ಲಿದ್ದವನು ನಾನು. ಜೊತೆಗಾರನೊಬ್ಬನನ್ನು ನೋಡುತ್ತ ಎರಡು ಸುಲಭದ ಬಾಲ್ ಬಿಟ್ಟ ದಿನವೇ ಹೆದರಿ ಟೀಮು ಬಿಟ್ಟಿದ್ದೆ. ಮಂಡಿನೋವು ಎಂದು ಎಲ್ಲರಿಗೂ ಹೇಳಿದ್ದೆ.

"ಇದರಲ್ಲಿ ಏನಿದೆ ಟೀಚರ್, ಅಷ್ಟು ಓದೋಕೆ?" ಎಂದು ಆದಷ್ಟು ಉಡಾಫೆಯಿಂದ ಕೇಳಿದೆ.

ಅವರು ಕತ್ತರಿ ಕೆಳಗಿಟ್ಟರು. "ನೋಡು, ಬೇರೆ ಲವ್ ಸ್ಟೋರಿ ನಾನು ಎಷ್ಟು ಓದಿಲ್ಲ! ಮೊದಲನೇ ಪುಟದಲ್ಲೇ ಗೊತ್ತಾಗ್ತದೆ, ಕಡೆಗೆ ಕೆಲಸ ಬಿಡುವವಳು ಯಾರು, ಊರು ಬಿಡುವವಳು ಯಾರು, ತಟ್ಟೆ ತೊಳೆಯುವವಳು ಯಾರು ಅಂತ. ಇದರಲ್ಲಿ ಗೊತ್ತಾಗುದಿಲ್ಲ. ಇಬ್ಬರೂ ಸಮ. ಇಬ್ಬರಿಗೂ ಗೆಲ್ಲಬೇಕು, ಇಬ್ಬರಿಗೂ ಮಂಡಿ ಒಡೆದಿರ್ತದೆ." ಸ್ವಲ್ಪ ತಡೆದು ಮತ್ತೆ ಹೇಳಿದರು. "ಮತ್ತೆ ಈ ಗಂಡಸರು ಉಂಟಲ್ಲ, ನಮ್ಮ ಊರಲ್ಲಿ ಗೋಲು ಹೊಡೆದ್ರೆ ಮಾತ್ರ ತಬ್ಬಿಕೊಳ್ಳಲಿಕ್ಕೆ ಪರ್ಮಿಷನ್. ಸೋತ್ರೆ ಮಾತ್ರ ಅಳಲಿಕ್ಕೆ ಪರ್ಮಿಷನ್. ಮೈದಾನದಿಂದ ಹೊರಗೆ ಬಂದ್ರೆ ಎರಡೂ ಇಲ್ಲ. ಈ ಪುಸ್ತಕದವರು ಮೈದಾನದ ಹೊರಗೂ ತಬ್ಬಿಕೊಳ್ತಾರೆ, ಅಷ್ಟೇ. ಓದಿದ್ರೆ ನನಗೆ ಉಸಿರು ಸಲೀಸಾಗ್ತದೆ."

"ಕಡೆಗೆ ಏನಾಗುತ್ತೆ? ಸಾಯ್ತಾರಾ?"

"ಥೂ, ಬಿಡ್ತು ಅನ್ನು! ಕಡೆಗೆ ಒಳ್ಳೇದೇ ಆಗುದು. ಗ್ಯಾರಂಟಿ ಉಂಟು. ಇಲ್ಲದಿದ್ರೆ ನಾನು ಮುಟ್ಟುದೇ ಇಲ್ಲ."

ಗ್ಯಾರಂಟಿ… ಆ ಒಂದು ಮಾತಿಗೆ ನಾನು ಬಿದ್ದೆ. ಆವತ್ತು ಗಣಪತಿಯನ್ನು ಬಗಲಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಆಮೇಲೆ ವೆಂಕಟರಮಣ, ಆಮೇಲೆ ದತ್ತಾತ್ರೇಯ. ರದ್ದಿ ಅಂಗಡಿಯವನು ಇಂಥ ಪುಸ್ತಕ ಬಂದರೆ ಟೀಚರಿಗಾಗಿ ಬೇರೆಯೇ ಕಟ್ಟು ಕಟ್ಟಿ ಇಡುತ್ತಿದ್ದ. ಬೇರೆ ಗಿರಾಕಿ ಯಾರಿದ್ದಾರೆ? ಬೊರಿವಲಿಯಿಂದ ಚರ್ಚ್‌ಗೇಟಿನವರೆಗೆ ಲೋಕಲ್‌ನಲ್ಲಿ ನಾನು ನಿಂತುಕೊಂಡೇ ಓದುತ್ತಿದ್ದೆ. ಐಸ್ ಮೇಲೆ ಜಾರುತ್ತ ಹಾಕಿ ಆಡುವವರು, ಈಜುವವರು, ಕುಸ್ತಿಯವರು. ಪ್ರತಿ ಪುಸ್ತಕದಲ್ಲೂ ಒಂದೇ ಹೆದರಿಕೆ: ಡ್ರೆಸ್ಸಿಂಗ್ ರೂಮಿನಲ್ಲಿ ಗೊತ್ತಾದರೆ? ಕೋಚಿಗೆ ಗೊತ್ತಾದರೆ? ಮನೆಗೆ ಗೊತ್ತಾದರೆ? ಗೊತ್ತಾಗುತ್ತಿತ್ತು. ಆದರೂ ಮರುದಿನ ಬೆಳಗಾಗುತ್ತಿತ್ತು, ಯಾರೋ ಒಬ್ಬ ಬಂದು ಪಕ್ಕದಲ್ಲಿ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಅಷ್ಟು ಓದಲು ನಾನು ಮುನ್ನೂರು ಪುಟ ಕಾಯುತ್ತಿದ್ದೆ. ಒಂದು ಸಲ ಟ್ರೇನಿನ ಭಜನಾ ಮಂಡಳಿಯ ಕಾಕಾ ಒಬ್ಬರು ದತ್ತಾತ್ರೇಯನ ಚಿತ್ರ ನೋಡಿ ಕೈಮುಗಿದು, "ಬಸಾ, ಬಸಾ" ಎಂದು ಸರಿದು ಜಾಗ ಕೊಟ್ಟರು. ಹಾಗೆ ದೇವರ ದಯೆಯಿಂದ ಕೂತುಕೊಂಡೂ ಓದಿದ್ದೇನೆ.

ನನ್ನ ಬಗ್ಗೆ ಟೀಚರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪುಸ್ತಕ ವಾಪಸು ಕೊಡುವಾಗ ಪರೀಕ್ಷೆಯ ಹಾಗೆ ಪ್ರಶ್ನೆ ಹಾಕುತ್ತಿದ್ದರು: "ಆ ಗೋಲ್‌ಕೀಪರ್ ಮೊದಲು ಸಾರಿ ಹೇಳಬೇಕಿತ್ತಾ, ಇವನಾ?" ಕಾಫಿ ಆರುವವರೆಗೆ ವಾದ ಮಾಡುತ್ತಿದ್ದೆವು. ಅವರಿಗೆ ಎಷ್ಟು ಗೊತ್ತಿತ್ತು ಎಂದು ನಾನು ಆಗ ಯೋಚಿಸಲೇ ಇಲ್ಲ. ಯೋಚಿಸಿದ್ದರೆ ಆ ಮನೆಗೆ ಹೋಗುವುದನ್ನೇ ಬಿಡುತ್ತಿದ್ದೆನೋ ಏನೋ.

ಸರಸ್ವತಿಯ ಬೈಂಡಿನ ದೋಣಿಯ ಪುಸ್ತಕ ಬಂದದ್ದು ನವರಾತ್ರಿಗೆ ಸ್ವಲ್ಪ ಮೊದಲು. "ಇದು ಬೆಸ್ಟು," ಎಂದರು ಟೀಚರು. "ಒಂದೇ ದೋಣಿ. ಹಿಂದೆ ಕೂತವನಿಗೆ ಮುಂದಿನವನ ಬೆನ್ನು ಮಾತ್ರ ಕಾಣುದು. ಮಾತಾಡ್ಲಿಕ್ಕಿಲ್ಲ, ಆದ್ರೆ ಇಬ್ಬರ ಕೈ ಒಟ್ಟಿಗೇ ಹೋಗಬೇಕು. ಒಬ್ಬನ ಮನಸ್ಸು ಆಚೀಚೆ ಆದ್ರೆ ದೋಣಿ ಮಗುಚುದೇ." ಅದರ ನೂರ ಹನ್ನೆರಡನೆಯ ಪುಟದಲ್ಲಿ, ಹಿಂದೆ ಕೂರುವ ಹುಡುಗ ರೇಸಿನ ಹಿಂದಿನ ದಿನ ಮನೆಗೆ ಫೋನ್ ಮಾಡುತ್ತಾನೆ. ಅಮ್ಮ ಹಲೋ ಎನ್ನುತ್ತಾಳೆ. ಇವನು ಹೇಳಬೇಕಾದ್ದನ್ನು ಹೇಳಲಾಗದೆ, ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತಾನೆ. ಅದನ್ನು ನಾನು ನನ್ನ ಟೇಬಲ್ಲಿನ ಮುಂದೆ ಕೂತು ಓದುತ್ತಿದ್ದೆ. ಅಡುಗೆಮನೆಯಿಂದ ಅಮ್ಮ, "ಊಟಕ್ಕೆ ಬಾರೋ," ಎಂದು ಕೂಗಿದಳು. ನನಗೇನಾಯಿತೋ, ಪೆನ್ಸಿಲು ತೆಗೆದು ಪುಟದ ಅಂಚಿನಲ್ಲಿ ಬರೆದೆ: ನಾನೂ ಇವನ ಹಾಗೆಯೇ. ಮನೆಯಲ್ಲಿ ಹೇಗೆ ಹೇಳಲಿ? ಗುರುತಿಗೆ ಟ್ರೇನಿನ ಹಳೆಯ ಟಿಕೆಟನ್ನು ಪುಟದ ಮಧ್ಯೆ ಇಟ್ಟು ಊಟಕ್ಕೆ ಎದ್ದೆ. ಅಳಿಸಿಬಿಡಬೇಕು ಎಂದು ಆ ಕ್ಷಣವೇ ಅಂದುಕೊಂಡಿದ್ದೆ. ಅಳಿಸಲಿಲ್ಲ. ಬರೆದದ್ದು ಒಂದು ದಿನವಾದರೂ ಅಲ್ಲಿ ಇರಲಿ ಅನಿಸಿತ್ತು.

ಮರುದಿನ ಆಫೀಸಿನಿಂದ ಬಂದು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದೆ. ಹಾಲಿನ ಮೂಲೆಯಲ್ಲಿ ಮಣೆ, ಮಣೆಯ ಮೇಲೆ ಹಳದಿ ವಸ್ತ್ರ, ಅದರ ಮೇಲೆ ಪುಸ್ತಕದ ರಾಶಿ, ಮುಂದೆ ದೀಪ. ಮೂಲಾ ನಕ್ಷತ್ರ, ಸರಸ್ವತಿ ಪೂಜೆ. ರಾಶಿಯ ನಡುವಿನಿಂದ ವೀಣೆಯ ಬುರುಡೆ ಕಾಣುತ್ತಿತ್ತು.

"ನಿನ್ ಟೇಬಲ್ ಮೇಲೆ ಸರಸ್ವತಿ ಸ್ತೋತ್ರದ ಪುಸ್ತಕ ಇತ್ತಲ್ಲೋ, ಎಷ್ಟು ಚೆನ್ನಾಗಿದೆ ಚಿತ್ರ! ಅದನ್ನೂ ಇಟ್ಟುಬಿಟ್ಟೆ," ಎಂದಳು ಅಮ್ಮ ಸಂಭ್ರಮದಿಂದ. "ಈ ಕಾಲದಲ್ಲಿ ಯಾವ ಹುಡುಗ ಸ್ತೋತ್ರ ಓದ್ತಾನೆ!"

ನಮ್ಮ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಮೂಲಾ ನಕ್ಷತ್ರದಂದು ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ, ಓದುವಂತಿಲ್ಲ. ಚಿಕ್ಕಂದಿನಲ್ಲಿ ನನಗೆ ಇದಕ್ಕಿಂತ ಪ್ರೀತಿಯ ಹಬ್ಬ ಇರಲಿಲ್ಲ, ಗಣಿತದ ಪುಸ್ತಕವನ್ನೇ ಮೊದಲು ಇಡುತ್ತಿದ್ದೆ. ದಶಮಿಯ ಬೆಳಿಗ್ಗೆ ಪುನಃ ಪೂಜೆ ಮಾಡಿ ಪುಸ್ತಕಗಳನ್ನು ಮೇಲಕ್ಕೆತ್ತುತ್ತಾರೆ. ನಮ್ಮ ಮನೆಯಲ್ಲಿ ಅಪ್ಪ ಇನ್ನೊಂದು ನಿಯಮ ಸೇರಿಸಿದ್ದರು: ಅಪ್ಪ ಹಂಚುತ್ತಾರೆ, ಪ್ರತಿಯೊಬ್ಬರೂ ಕೈಗೆ ಬಂದ ಪುಸ್ತಕ ತೆರೆದು ಎರಡು ಸಾಲು ಗಟ್ಟಿಯಾಗಿ ಓದಬೇಕು. ಅದು ಆ ವರ್ಷಕ್ಕೆ ತಾಯಿಯ ಪ್ರಸಾದ.

ದಶಮಿಯೊಳಗೆ ಆ ಸಾಲನ್ನು ಅಳಿಸಿಬಿಡಬೇಕಿತ್ತು. ನಾಲ್ಕು ದಿನ ಇತ್ತು. ದೀಪ ಆರಬಾರದೆಂದು ಅಮ್ಮ ಹಾಲಿನಲ್ಲೇ ಚಾಪೆ ಹಾಕಿಕೊಳ್ಳುತ್ತಿದ್ದಳು. ಎರಡನೆಯ ದಿನ ಬೆಳಿಗ್ಗೆ ಅವಳು ಹೂವಿಗೆ ಕೆಳಗಿಳಿದಳು, ಅಪ್ಪ ಸ್ನಾನಕ್ಕೆ ಹೋದರು. ಓಡಿಹೋಗಿ ಮಣೆಯ ಮುಂದೆ ಕೂತೆ. ಪುಸ್ತಕ ರಾಶಿಯ ಮಧ್ಯದಲ್ಲಿತ್ತು, ಮೇಲೆ ಅಪ್ಪನ ದಪ್ಪ ಪುಸ್ತಕಗಳು, ಅದರ ಮೇಲೆ ಕಲಶದ ಚೊಂಬು. ಒಂದು ಕೈಯಲ್ಲಿ ಚೊಂಬು ಹಿಡಿದು ಇನ್ನೊಂದು ಕೈಯಲ್ಲಿ ವೀಣೆಯ ತುದಿ ಎಳೆದೆ. ಅರ್ಧ ಬಂತು. ಚೊಂಬು ವಾಲಿ ನೀರು ತುಳುಕಿತು.

"ಏಯ್! ಮುಟ್ಟಬೇಡ!" ಅಪ್ಪ ಬಚ್ಚಲ ಬಾಗಿಲಲ್ಲಿ ಟವೆಲು ಸುತ್ತಿಕೊಂಡು ನಿಂತಿದ್ದರು. "ಏನೋ ಅದು, ನಾಲ್ಕು ದಿನ ತಡೆಯೋಕಾಗಲ್ವಾ? ಅಷ್ಟು ಭಕ್ತಿ ಬಂತಾ?" ಎಂದು ನಕ್ಕರು. ಅರ್ಧ ಹೊರಗೆ ಬಂದಿದ್ದ ಪುಸ್ತಕವನ್ನು ತಾವೇ ಒಳಗೆ ತಳ್ಳಿ, ಬೆರಳನ್ನು ಕಣ್ಣಿಗೊತ್ತಿಕೊಂಡರು.

ಆ ಸಂಜೆ ಆರು ಹೆಜ್ಜೆ ದಾಟಿ ಟೀಚರ ಮನೆಗೆ ಹೋದೆ. ಹೇಳಿದೆ. ಅವರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ದೇವರೇ, ನನ್ನ ದೋಣಿಯವರಿಗೆ ಮಂಗಳಾರತಿ ಆಯ್ತಲ್ಲ ಮಾರಾಯ!" ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ಟೀಚರ್, ಅದರಲ್ಲಿ ನಾನು ಪೆನ್ಸಿಲಲ್ಲಿ ಏನೋ ಬರೆದಿದ್ದೀನಿ."

"ಎಂತ ಬರೆದಿದ್ದಿ?"

ನಾನು ಬಾಗಿಲ ಹಿಂದಿನ ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತೆ. ಅವರು ಉತ್ತರ ಪತ್ರಿಕೆ ತಿದ್ದುವವರ ಹಾಗೆ, "ಸರಿ. ಎಷ್ಟನೇ ಪುಟ?" ಎಂದರು.

"ನೂರ ಹನ್ನೆರಡು."

"ಕನ್ನಡದಲ್ಲಾ ಇಂಗ್ಲಿಷಲ್ಲಾ?"

"ಕನ್ನಡದಲ್ಲಿ."

"ಒಳ್ಳೇದಾಯ್ತು," ಎಂದರು. ಯಾಕೆ ಒಳ್ಳೆಯದು ಎಂದು ನನಗೆ ಹೊಳೆಯಲಿಲ್ಲ. "ದಶಮಿಗೆ ನಾನು ಬೇಗ ಬರ್ತೇನೆ. ನೀನು ಬಾಯಿ ಮುಚ್ಚಿಕೊಂಡಿರು, ಆಯ್ತಾ? ಎಂತ ಆದ್ರೂ ಸರಿ."

ವಿಜಯದಶಮಿಯ ಬೆಳಿಗ್ಗೆ ಅವರು ಎಲ್ಲರಿಗಿಂತ ಮೊದಲು ಬಂದರು. ಹಸಿರು ರೇಷ್ಮೆ ಸೀರೆ, ತಲೆಯಲ್ಲಿ ಮಲ್ಲಿಗೆ. ನಾಲ್ಕನೆಯ ಮಹಡಿಯ ಕನ್ನಡದವರೂ ತಮ್ಮ ಇಬ್ಬರು ಮಕ್ಕಳೊಂದಿಗೆ ಬಂದು ಕೂತರು. ಮಂಗಳಾರತಿಯಾಯಿತು. ಅಪ್ಪ ತಮ್ಮ ಪುಸ್ತಕ ತೆರೆದು ಎರಡು ಶ್ಲೋಕ ಓದಿದರು. ಅಮ್ಮನಿಗೆ ಅವಳದೇ ಅಡುಗೆಯ ನೋಟ್‌ಬುಕ್ಕು ಬಂತು. "ಬಿಸಿಬೇಳೆ ಭಾತಿನ ಪುಡಿ. ಕಡಲೆಬೇಳೆ ಒಂದು ಪಾವು," ಎಂದು ಅವಳು ಓದಿದಾಗ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಪ್ಪನ ಕೈ ಸರಸ್ವತಿಯ ಮೇಲೆ ಹೋಯಿತು.

"ಅದು ನನಗೆ ಕೊಡಿ. ಅದು ನನ್ನದು," ಎಂದರು ಟೀಚರು, ಕೈಚಾಚಿ.

"ಕೊಡ್ತೀನಿ ಟೀಚರ್, ಅವಸರ ಏನು? ಒಂದು ಸಾಲು ನಾನೂ ಓದ್ತೀನಿ," ಎಂದು ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಬಿಡಿಸಿದರು. ಟಿಕೆಟ್ ಇಟ್ಟ ಕಡೆಯೇ ಅದು ತೆರೆದುಕೊಂಡಿತು. ಕನ್ನಡಕ ಸರಿಮಾಡಿಕೊಂಡರು. ಇಂಗ್ಲಿಷ್ ನೋಡಿ ಹುಬ್ಬು ಗಂಟಿಕ್ಕಿದರು. ಅಂಚಿನ ಕನ್ನಡ ಕಣ್ಣಿಗೆ ಬಿತ್ತು. ಶ್ಲೋಕ ಓದಿದ ದನಿಯಲ್ಲೇ ಓದಿದರು: "ನಾನೂ ಇವನ ಹಾಗೆಯೇ. ಮನೆಯಲ್ಲಿ ಹೇಗೆ ಹೇಳಲಿ?"

ಅಪ್ಪ ಮತ್ತೆ ಇಂಗ್ಲಿಷಿಗೆ ಹೋದರು, ಈ ಸಲ ತುಟಿ ಮುಚ್ಚಿಕೊಂಡು. ಪುಟ ಮಗುಚಿದರು. ಬೈಂಡಿನ ಅಂಚು ಸರಿಸಿ ಒಳಗಿನ ಚಿತ್ರ ನೋಡಿದರು. ಅವರ ಮುಖ ಬಣ್ಣಗೆಡುವುದನ್ನು ನಾನು ಕೂತಲ್ಲಿಂದ ನೋಡುತ್ತಿದ್ದೆ. ಮುಗಿಯಿತು, ಎಂದುಕೊಂಡೆ. ಬ್ಯಾಗಿಗೆ ಏನೇನು ತುಂಬಿಕೊಳ್ಳಬೇಕು ಎಂಬ ಯೋಚನೆ ಕೂಡ ಬಂತು.

"ಅದು ನಾನು ಬರೆದದ್ದು," ಎಂದರು ಟೀಚರು.

"ನೀವಾ?"

"ಹೌದು. ಕಥೆಯಲ್ಲಿ ಆ ಹುಡುಗ ಮನಸ್ಸಲ್ಲೇ ಹೇಳಿಕೊಳ್ತಾನೆ. ಕನ್ನಡದಲ್ಲಿ ಹೇಗೆ ಕೇಳ್ತದೆ ಅಂತ ಬರೆದು ನೋಡಿದೆ. ಇಷ್ಟು ವರ್ಷ ಟೀಚರಾಗಿದ್ದವಳು, ಚಾಳಿ ಬಿಡುದಿಲ್ಲ."

"ಇದು… ಇಬ್ಬರು ಗಂಡಸರ…" ಅಪ್ಪ ಬೈಂಡನ್ನು ಚಿತ್ರದ ಮೇಲೆ ಎಳೆದು ಮುಚ್ಚಿದರು. "ನೀವು ಇಂಥದ್ದನ್ನೆಲ್ಲ ಓದ್ತೀರಾ ಟೀಚರ್?"

"ಓದ್ತೇನೆ. ಇಂಥದ್ದು ನನ್ನ ಮನೆಯಲ್ಲಿ ಒಂದು ಕಪಾಟು ಉಂಟು."

ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು, "ಅಯ್ಯೋ, ನನ್ನ ಕೈಯಾರೆ ತಾಯಿ ಮುಂದೆ ಇಟ್ನಲ್ಲಾ!" ಎಂದು ಅಳತೊಡಗಿದಳು. ನಾಲ್ಕನೆಯ ಮಹಡಿಯವರು ಮಕ್ಕಳನ್ನು ಎಬ್ಬಿಸಿಕೊಂಡು ಹೊರಟರು. ಅಪ್ಪ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಈ ಅಕ್ಷರ ನನ್ನ ಮಗನ ಅಕ್ಷರದ ಹಾಗಿದೆ."

"ಇರಲೇಬೇಕಲ್ಲ. ಅವನ ಕೈಹಿಡಿದು ತಿದ್ದಿಸಿದ್ದು ಯಾರು? ಆ ಳ ನೋಡಿ, ಅದರ ಬಾಲ ನೋಡಿ. ಅದು ನನ್ನ ಬಾಲವೇ." ಟೀಚರ ದನಿ ಒಂದಿಷ್ಟೂ ನಡುಗಲಿಲ್ಲ. ಸೊಂಟದ ಮೇಲಿದ್ದ ಕೈ ಮಾತ್ರ ಸೆರಗನ್ನು ಹಿಂಡುತ್ತಿತ್ತು. ಅದು ನನಗೊಬ್ಬನಿಗೇ ಕಾಣುತ್ತಿತ್ತು.

"ಹಾಗಾದ್ರೆ ಇದು ಇವನ ಟೇಬಲ್ ಮೇಲೆ ಯಾಕಿತ್ತು?"

"ಬೈಂಡು ಬಿಟ್ಟುಹೋಗಿತ್ತು. ಅಂಟಿಸಿಕೊಡು ಅಂತ ಕೊಟ್ಟಿದ್ದೆ. ಅವನು ಪಾಪ, ತೆರೆದೂ ನೋಡ್ಲಿಲ್ಲ. ಬೇಕಾದ್ರೆ ಕೇಳಿ."

ಅಪ್ಪ ನನ್ನ ಕಡೆ ತಿರುಗಿದರು. ಆ ಕಣ್ಣಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಡಿಕೆ ಇತ್ತು. ಇಲ್ಲ ಎನ್ನು, ದಯವಿಟ್ಟು ಇಲ್ಲ ಎನ್ನು, ಎಂದು ಅವು ಕೇಳಿಕೊಳ್ಳುತ್ತಿದ್ದವು. "ಓದಿದ್ಯೇನೋ ಇದನ್ನ?"

"ಇಲ್ಲಪ್ಪ," ಎಂದೆ. "ನನಗೇನು ಗೊತ್ತು, ಸ್ತೋತ್ರ ಅಂದ್ಕೊಂಡಿದ್ದೆ."

ಎರಡನೆಯ ವಾಕ್ಯ ಹೇಳುವ ಅಗತ್ಯವೇ ಇರಲಿಲ್ಲ. ಅದನ್ನು ನಾನಾಗಿಯೇ ಸೇರಿಸಿದೆ. ಈಗಲೂ ಲೋಕಲ್‌ನಲ್ಲಿ ನಿಂತಾಗ ಸುಮ್ಮನೆ ನೆನಪಾಗಿ ನಾಚಿಕೆಯಿಂದ ಕಣ್ಣು ಮುಚ್ಚಿಕೊಳ್ಳುತ್ತೇನೆ.

"ಟೀಚರ್, ನಿಮ್ಮ ಮೇಲೆ ನಮಗೆ ತುಂಬ ಗೌರವ ಇತ್ತು," ಎಂದರು ಅಪ್ಪ. "ಇನ್ನು ಮೇಲೆ ನೀವು ಈ ಮನೆಗೆ ಬರೋದು ಬೇಡ."

ಟೀಚರು ಪುಸ್ತಕ ತೆಗೆದುಕೊಂಡರು. ಮಣೆಯ ಮುಂದೆ ಬಗ್ಗಿ ನಮಸ್ಕಾರ ಮಾಡಿದರು. ಅಮ್ಮ ಕುಂಕುಮದ ಬಟ್ಟಲನ್ನು ಮುಂದೆ ಮಾಡಲಿಲ್ಲ, ತಾಂಬೂಲವನ್ನೂ ಕೊಡಲಿಲ್ಲ. ಹಬ್ಬದ ದಿನ ಬರಿಗೈಯಲ್ಲಿ ಹೊಸ್ತಿಲು ದಾಟುವಾಗ ಅವರು ತಿರುಗಿ, "ಅಂಟು ಚೆನ್ನಾಗಿ ಹಾಕಿದ್ದಿ," ಎಂದು ನನಗೆ ಹೇಳಿದರು. ಸುಳ್ಳನ್ನೂ ಕೂಡ ಅರ್ಧಕ್ಕೆ ಬಿಡದ ಹೆಂಗಸು.

ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ಭಾನುವಾರ ಕ್ಲಾಸಿಗೆ ನಾಲ್ಕು ಮಕ್ಕಳು ಬಂದರು. ಅದರ ಮುಂದಿನ ವಾರ ಒಂದು ಮಗು. ಆಮೇಲೆ ಸೊಸೈಟಿಯವರು ಆ ಕೋಣೆಯಲ್ಲಿ ಹಳೆಯ ಕುರ್ಚಿ, ನೀರಿನ ಡ್ರಮ್ಮು ತುಂಬಿದರು. ಟೀಚರು ಆದರೂ ಭಾನುವಾರ ಒಂಬತ್ತು ಗಂಟೆಗೆ ಸೀಮೆಸುಣ್ಣದ ಡಬ್ಬಿ ಹಿಡಿದು ಕೆಳಗಿಳಿಯುತ್ತಿದ್ದರು, ಬೀಗ ನೋಡಿ ಮೇಲೆ ಬರುತ್ತಿದ್ದರು. ಎಷ್ಟು ವಾರ ಹಾಗೆ ಮಾಡಿದರು ಎಂದು ಲೆಕ್ಕವಿಡಲಿಲ್ಲ. ಬಾಗಿಲ ಕಣ್ಣಿನಿಂದ ನೋಡುತ್ತಿದ್ದೆ, ಅವರು ಅತ್ತ ಹೋದ ಮೇಲೆ ನಾನು ಹೊರಡುತ್ತಿದ್ದೆ. ಆರು ಹೆಜ್ಜೆ. ಆ ಆರು ಹೆಜ್ಜೆಯನ್ನು ನಾನು ದಾಟಲಿಲ್ಲ.

ಒಂದೇ ಒಂದು ಸಲ ಮೆಟ್ಟಿಲಲ್ಲಿ ಎದುರಾದರು. ಲಿಫ್ಟು ಕೆಟ್ಟಿತ್ತು. ಕೈಯಲ್ಲಿ ಬಟ್ಟೆಯ ಚೀಲ. "ಪುಸ್ತಕ ಉಂಟು. ಓದ್ತೀಯಾ?" ಎಂದು ಚೀಲವನ್ನು ನನ್ನ ಕಡೆ ಚಾಚಿದರು. ಮೇಲೆ ನಮ್ಮ ಮನೆಯ ಬಾಗಿಲು ತೆರೆದಿತ್ತು, ಅಮ್ಮ ಕುಕ್ಕರಿನ ಸೀಟಿ ಎಣಿಸುತ್ತಿದ್ದಳು.

"ಬೇಡ ಟೀಚರ್. ಈಗ ಟೈಮ್ ಸಿಗಲ್ಲ," ಎಂದೆ.

"ಹೌದಾ. ಸರಿ ಸರಿ," ಎಂದು ಅವರು ಚೀಲವನ್ನು ಎದೆಗೆ ಹಿಡಿದುಕೊಂಡು ಗೋಡೆಗೆ ಸರಿದು ನನಗೆ ದಾರಿ ಬಿಟ್ಟರು. ನಾನು ಇಳಿದುಹೋದೆ. ಮರುವರ್ಷ ಅಂಧೇರಿಯಲ್ಲಿ ಬಾಡಿಗೆ ಮನೆ ಹಿಡಿದೆ. ಈಗ ನನ್ನ ಜೊತೆ ಇರುವವನನ್ನು ಅಪ್ಪ ಅಮ್ಮ ರೂಮ್‌ಮೇಟ್ ಎಂದುಕೊಂಡಿದ್ದಾರೆ. ಆರು ವರ್ಷದಿಂದ ಅದೇ ರೂಮ್‌ಮೇಟು. ಬೊರಿವಲಿಗೆ ಬಂದಾಗಲೆಲ್ಲ ಎದುರಿನ ಬಾಗಿಲ ಮುಂದೆ ಹೆಜ್ಜೆ ಜೋರು ಮಾಡಿ ಹೋಗುತ್ತಿದ್ದೆ.

ಚೀಲ ಸಿಕ್ಕಿ ಮೂರು ದಿನವಾದ ಮೇಲೆ ಧೈರ್ಯ ಮಾಡಿ ನೂರ ಹನ್ನೆರಡನೆಯ ಪುಟ ತೆರೆದೆ. ಟಿಕೆಟ್ ಅಲ್ಲೇ ಇತ್ತು. ನನ್ನ ಪೆನ್ಸಿಲಿನ ಸಾಲೂ ಇತ್ತು, ಮಸುಕಾಗಿ. ಅದರ ಕೆಳಗೆ ಇನ್ನೊಂದು ಸಾಲು. ಅದೇ ಅಕ್ಷರ, ಳದ ಬಾಲಕ್ಕೆ ಅದೇ ಸುರುಳಿ. ಇದನ್ನು ನಾನು ಯಾವಾಗ ಬರೆದೆ ಎಂದು ಒಂದು ಕ್ಷಣ ಗೊಂದಲವಾಯಿತು. ಆಮೇಲೆ ಓದಿದೆ.

"ಮೊದಲು ನನ್ನ ಮನೆಗೆ ಬಂದು ಹೇಳು. ಕಾಫಿ ಇಟ್ಟಿರ್ತೇನೆ."

ಮೆಟ್ಟಿಲಲ್ಲಿ ಅವರು ಚಾಚಿದ ಬಟ್ಟೆಯ ಚೀಲ ಇದೇ. ಬಾಯಿಗೆ ಹೊಲಿದ ಕೆಂಪು ಪಟ್ಟಿ ನನಗೆ ನೆನಪಿದೆ. ಈ ಸಾಲು ಆವತ್ತು ಅದರೊಳಗೇ ಇತ್ತು… ನನ್ನ ಕೈಯಿಂದ ಒಂದು ಗೇಣು ದೂರ. ಒಂಬತ್ತು ವರ್ಷ ಅವರು ಕಾದರು. ನಾನು ಹೋಗಲಿಲ್ಲ. ಅವರ ಪುಸ್ತಕಗಳಲ್ಲಿ ಕಡೆಗೆ ಒಬ್ಬ ಬಂದು ಪಕ್ಕದಲ್ಲಿ ಕೂರುತ್ತಾನಲ್ಲ, ಅದನ್ನು ನಂಬಿದ್ದರು ಅವರು. ನಾನು ಓದಿದೆ ಅಷ್ಟೇ. ಅವತ್ತು ಅಂಧೇರಿಯ ಮನೆಯಲ್ಲಿ ಪುಸ್ತಕವನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ. ರೂಮ್‌ಮೇಟು ಬಂದು ಪಕ್ಕದಲ್ಲಿ ಕೂತ.

ಈಗ ಮತ್ತೆ ನವರಾತ್ರಿ. ಹಬ್ಬಕ್ಕೆ ಬೊರಿವಲಿಗೆ ಬಂದಿದ್ದೇನೆ. ಮೂಲಾ ನಕ್ಷತ್ರದ ದಿನ ಮಣೆಯ ಮೇಲಿನ ರಾಶಿಯಲ್ಲಿ ಸರಸ್ವತಿಯನ್ನು ನಾನೇ ಇಟ್ಟೆ, ಎಲ್ಲಕ್ಕಿಂತ ಮೇಲೆ. ಅಮ್ಮ ಆ ಹಳೆಯ ಕುಂಕುಮವನ್ನು ನೋಡಿದಳು, ನನ್ನ ಮುಖ ನೋಡಿದಳು. ಪುಸ್ತಕದ ಮೇಲೆ ಒಂದು ಹೂವು ಇಟ್ಟು ಒಳಗೆ ಹೋದಳು. ಅಪ್ಪನ ಕಣ್ಣು ಈಗ ಮಂದ, ಅವರು ಇನ್ನೂ ಗಮನಿಸಿಲ್ಲ.

ನಾಳೆ ವಿಜಯದಶಮಿ. ಬೆಳಿಗ್ಗೆ ಅಪ್ಪ ಪುಸ್ತಕ ಹಂಚುವಾಗ ಅದನ್ನು ಕೇಳಿ ತೆಗೆದುಕೊಳ್ಳುತ್ತೇನೆ. ನನ್ನ ಸಾಲನ್ನು ಗಟ್ಟಿಯಾಗಿ ಓದುತ್ತೇನೆ, ಈ ಅಕ್ಷರ ನನ್ನದು ಎನ್ನುತ್ತೇನೆ, ಆವತ್ತೂ ನನ್ನದೇ ಆಗಿತ್ತು ಎನ್ನುತ್ತೇನೆ. ಎಳ್ಳುನೀರು ಬಿಟ್ಟರೆ ಬಿಡಲಿ. ಹೇಳುವುದನ್ನು ಹೇಳುತ್ತೇನೆ, ಆದರೆ ತಪ್ಪು ಮನೆಯಿಂದ ಶುರುಮಾಡುತ್ತಿದ್ದೇನೆ. ಮೊದಲು ಹೋಗಿ ಹೇಳಬೇಕಾಗಿದ್ದ ಮನೆ ಆರು ಹೆಜ್ಜೆ ಆಚೆಗಿದೆ. ಸಂಜೆ ಹೋಗಿ ನಿಂತು ಬಂದೆ. ಬಾಗಿಲಿಗೆ ಬೀಗ ಹಾಕಿದೆ.